ಎಡಕ್ಕೊಂದು ಬಲಕ್ಕೊಂದು

ಮೊನ್ನೆ ಮೊಮ್ಮಗಳ ಮದುವೆಗೆ ಯಾರೋ ಒಂದು ಮಂಕರಿ ಹಸಿ ಮದರಂಗಿ ಸೊಪ್ಪು ತಂದು ನಡುಮನೆಯಲ್ಲಿ ಸುರಿದರು. ಈಗಿನ ಹುಡುಗಿಯರಿಗೆ ಅಂಗಡಿಯ ಕೋನು ಇದೆ, ಸೊಪ್ಪು ಯಾರಿಗೂ ಬೇಡವಾಗಿತ್ತು. ಶಾಸ್ತ್ರಕ್ಕೆ ಒಂದಿಷ್ಟಾದರೂ ಇರಲಿ ಎಂದು ನಾನೇ ಒರಳಿಗೆ ಹಾಕಿ ಅರೆಯಲು ಕೂತೆ. ಅರೆದಂತೆಲ್ಲ ವಾಸನೆ ಎದ್ದಿತು. ಮದರಂಗಿ ವಾಸನೆಗೆ ಬೇರೆಯವರಿಗೆ ಮದುವೆ ಮನೆ ನೆನಪಾಗಬಹುದು. ನನಗೆ ನೆನಪಾದದ್ದು ಬೇಲಿ. ಆಗತಾನೇ ಕತ್ತರಿಸಿದ ಮದರಂಗಿ ಬೇಲಿ, ಅದರ ಆಚೆ ಸೊಂಟದ ಮೇಲೆ ಕೈಯಿಟ್ಟು ನಿಂತು ಬೈಯುತ್ತಿರುವ ಒಬ್ಬ ಹೆಂಗಸು...

ಆಕೆ ನಮ್ಮೂರ ಗೌಡರ ಎರಡನೆಯ ಹೆಂಡತಿ. ನಾವೆಲ್ಲ ಗೌಡ್ತಮ್ಮ ಅನ್ನುತ್ತಿದ್ದೆವು. ಅವರಿಗೂ ಒಂದು ಹೆಸರಿತ್ತು, ಆದರೆ ಅದನ್ನು ಹಿಡಿದು ಕರೆಯುವ ಜನ ನಾವಾಗಿರಲಿಲ್ಲ. ಈಗ ಕರೆದರೆ ಯಾರೂ ಬೇಡ ಅನ್ನುವುದಿಲ್ಲ. ನಾಲಿಗೆಗೇ ರೂಢಿಯಿಲ್ಲ.

ಊರು ನುಗ್ಗೇಹಳ್ಳಿಗೂ ಬಾಗೂರಿಗೂ ನಡುವೆ. ನಾನು ಅರಕಲಗೂಡು ಕಡೆಯಿಂದ ಅಲ್ಲಿಗೆ ಸೊಸೆಯಾಗಿ ಬಂದವಳು. ನಯಾಪೈಸೆ ಬಂದ ಹೊಸತು, ಅಷ್ಟು ನೆನಪಿದೆ. ನಮ್ಮತ್ತೆ ಗೌಡರ ಮನೆಯ ಕೊಟ್ಟಿಗೆ, ಅಂಗಳ ಗುಡಿಸುತ್ತಿದ್ದಳು. ನಾನು ಬಂದ ಹೊಸತರಲ್ಲೇ ನನ್ನ ಕೈಗೂ ಒಂದು ಪೊರಕೆ ಕೊಟ್ಟು ಕರೆದುಕೊಂಡು ಹೋದಳು. ಸುಗ್ಗಿಯಲ್ಲಿ ರಾಗಿ, ದಿನಾ ಸಂಜೆ ಹಿಟ್ಟು ಸಾರು, ಇದು ಕೂಲಿ. ಮಳೆಯಿಲ್ಲದ ತಿಂಗಳುಗಳಲ್ಲಿ ಹೊಲದ ಕೆಲಸ ನಿಂತುಹೋಗುತ್ತಿತ್ತು. ಆಗ ಆ ಸಂಜೆಯ ಮುದ್ದೆಯೇ ನಮ್ಮ ಮನೆಯ ಊಟ. ಹೊಸಿಲು ದಾಟುವ ಹಾಗಿಲ್ಲ, ಬಾವಿ ಮುಟ್ಟುವ ಹಾಗಿಲ್ಲ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ನಮ್ಮಂಥ ಕೇರಿಯಲ್ಲಿ ಹುಟ್ಟಿದವರಿಗೆ ಅದನ್ನೆಲ್ಲ ಹೇಳಿಕೊಡಬೇಕಾಗಿರಲಿಲ್ಲ.

ಗೌಡರ ಅಜ್ಜನ ಕಾಲದ ಮನೆ ಅದು. ಉಪ್ಪರಿಗೆ ಇತ್ತು. ಜಗಲಿಗೆ ಕೆತ್ತಿದ ಮರದ ಕಂಬಗಳು, ಮೇಲೆ ಗಾರೆಯಲ್ಲಿ ಮಾಡಿದ ಗಿಳಿಗಳು. ಸುತ್ತ ಅಂಥ ಇನ್ನೊಂದು ಮನೆ ಇರಲಿಲ್ಲ. ಅಂಥ ಮನೆಯ ಮುಂದೆಯೇ ತಿಪ್ಪೆ, ಹುಲ್ಲಿನ ಬಣವೆ, ಗಾಡಿ, ಮುರಿದ ನೇಗಿಲು. ಬೀದಿಯಿಂದ ನೋಡಿದರೆ ಗಿಳಿಗಳು ತಿಪ್ಪೆಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಅದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ, ಗೌಡ್ತಮ್ಮನಿಗೆ ಕಂಡಿತು.

ಅವರ ತಂದೆ ಹಾಸನದಲ್ಲಿ ರಸ್ತೆ ಕಂಟ್ರಾಕ್ಟರು. ಮನೆಯ ಪಕ್ಕದಲ್ಲಿ ಹಳೆಯ ಬಂಗಲೆಯಂತೆ, ಅದರ ಮುಂದೆ ಅಳತೆ ಇಟ್ಟು ಮಾಡಿದ ತೋಟವಂತೆ. ಚಿಕ್ಕಂದಿನಲ್ಲಿ ತಾರಸಿಯ ಮೇಲೆ ನಿಂತು ನೋಡುತ್ತಿದ್ದರಂತೆ. ಇದನ್ನು ಅವರು ಕಲ್ಲುಕುಟಿಗನಿಗೆ ಹೇಳುವಾಗ ನಾನು ಕೇಳಿಸಿಕೊಂಡದ್ದು. ನಮಗೆ ಹೇಳಿದ್ದಲ್ಲ.

ಆ ಮನೆಯಲ್ಲಿ ಬೀಗದ ಕೈ ಗೊಂಚಲು ಗೌಡ್ತಮ್ಮನ ಅತ್ತೆಯ ಸೊಂಟದಲ್ಲಿತ್ತು. ಆಕೆಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು. ಸತ್ತ ಮೊದಲ ಹೆಂಡತಿಯ ಒಡವೆಗಳು ಮೊದಲ ಹೆಂಡತಿಯ ಮಕ್ಕಳಿಗೆಂದು ಪೆಟ್ಟಿಗೆಯಲ್ಲಿದ್ದವು. ಗೌಡ್ತಮ್ಮನಿಗೆ ಮಕ್ಕಳಾಗಲಿಲ್ಲ. ತವರಿನಿಂದ ತಂದ ಟ್ರಂಕು ಒಂದನ್ನು ಬಿಟ್ಟರೆ ಆ ಮನೆಯಲ್ಲಿ ತನ್ನದು ಎಂದು ಅವರು ಕೈ ಇಡುವ ವಸ್ತು ಇರಲಿಲ್ಲ. ಒಂದು ದಿನ ಗಂಡನ ಹತ್ತಿರ ಮನೆ ಮುಂದಿನ ಅಂಗಳ ಕೇಳಿದರು. ಒಡವೆ ಕೇಳಬಹುದು ಎಂದು ಹೆದರಿದ್ದ ಗೌಡರು ತಿಪ್ಪೆ ಜಾಗ ತಾನೇ ಎಂದು ಕೊಟ್ಟುಬಿಟ್ಟರು.

ತಿಪ್ಪೆ ಹಿತ್ತಿಲಿಗೆ ಹೋಯಿತು, ಬಣವೆ ಕಣಕ್ಕೆ ಹೋಯಿತು. ಹೊತ್ತು ಹಾಕಿದವರು ನಾವೇ. ನೆಲ ಮಟ್ಟ ಮಾಡಿ, ಸಗಣಿ ನೀರು ಚೆಲ್ಲಿ ಗಟ್ಟಿ ಮಾಡಿದೆವು. ಆಮೇಲೆ ಗೌಡ್ತಮ್ಮ ಸುಣ್ಣದ ಪುಡಿಯ ಡಬ್ಬ ಹಿಡಿದು ಬಂದು, ಬಾಗಿಲ ಮುಂದೆ ರಂಗೋಲಿಗೆ ಚುಕ್ಕಿ ಇಡುವ ಹಾಗೆ ಅಷ್ಟು ದೊಡ್ಡ ಅಂಗಳಕ್ಕೆ ಚುಕ್ಕಿ ಇಟ್ಟರು. ಒಂದೊಂದು ಚುಕ್ಕಿಗೆ ಒಂದೊಂದು ಗೂಟ. ಗೂಟದಿಂದ ಗೂಟಕ್ಕೆ ತೆಂಗಿನ ನಾರಿನ ಹುರಿ. ಅವರ ತೋಟದ ನಕ್ಷೆ ಅಷ್ಟೇ. ಗೇಟಿನಿಂದ ಬಾಗಿಲಿಗೆ ನಡುವೆ ಒಂದು ದಾರಿ, ದಾರಿಯ ಎಡಕ್ಕೆ ಏನು ಬರುತ್ತದೋ ಬಲಕ್ಕೂ ಅದೇ ಬರಬೇಕು. ಎಡಕ್ಕೆ ಮೂಲೆಯಿದ್ದರೆ ಬಲಕ್ಕೂ ಮೂಲೆ, ಎಡಕ್ಕೆ ಸೊಟ್ಟ ಇದ್ದರೆ ಬಲಕ್ಕೂ ಅಷ್ಟೇ ಸೊಟ್ಟ.

ಗೂಟ ನೆಡುವಾಗ ಅವರು ಕೆಳಗೆ ನಿಲ್ಲುತ್ತಿರಲಿಲ್ಲ. ಉಪ್ಪರಿಗೆಯ ಕಿಟಕಿಗೆ ಹೋಗಿ ಅಲ್ಲಿಂದ ಕೂಗುವುದು. ಕೆಳಗೆ ಗೂಟ ಹಿಡಿದು ನಮ್ಮತ್ತೆ, ಹುರಿ ಹಿಡಿದು ನಾನು.

“ಎಡಕ್ಕೆ ಬಾರೇ! ಇನ್ನೂ ಎಡಕ್ಕೆ!”

“ಯಾರ್ ಎಡಕ್ಕವ್ವಾ? ನಿಮ್ಮೆಡಕ್ಕೋ ನನ್ನೆಡಕ್ಕೋ?”

“ನಿನ್ ಸೊಸೆ ನಿಂತಿರೋ ಕಡೀಕೆ!”

“ನನ್ ಸೊಸೆ ಒಂದ್ ಕಡೀಕ್ ನಿಂತ್ರಲ್ವಾ!”

ಗೌಡ್ತಮ್ಮ ನಗುವವರಲ್ಲ. ಕಿಟಕಿಯ ಸರಳು ಹಿಡಿದು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದರು. ಒಂದು ಗೂಟ ಒಂದು ಗೇಣು ಆಚೀಚೆಯಾದರೂ ಇಡೀ ಸಾಲು ಕೀಳಿಸುವರು. ನಾನು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆಗ ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಹುರಿ ಎಳೆದು ಆದ ಮೇಲೆ ದೊಡ್ಡವ್ವ ಜಗಲಿಗೆ ಬಂದು ನೋಡಿತು. ಬೀದಿಯಿಂದ ನೆಟ್ಟಗೆ ಬಾಗಿಲಿಗೇ ಬರುವ ದಾರಿ ಕಂಡು ಎದೆ ಹಿಡಿದುಕೊಂಡಿತು. “ಇದೇನಮ್ಮಿ, ಬಾಗ್ಲಿಗೆ ಈಟಿ ಇಟ್ಟಂಗೆ ದಾರಿ ಮಡಗಿದ್ದೀಯ. ಬೀದೀಲಿ ಓಗೋ ಪೀಡೆಯೆಲ್ಲ ನೆಟ್ಗೆ ಒಳೀಕ್ ಬತ್ತದೆ. ನನ್ ಮಗ ಉಳೀತಾನಾ?” ದಾರಿ ಸೊಟ್ಟ ಮಾಡು ಅಂದಿತು. ಸೊಟ್ಟ ಮಾಡಿದರೆ ಎಡ ಬಲ ಒಂದೇ ಸಮ ಬರುವುದಿಲ್ಲ. ಗೌಡ್ತಮ್ಮ ಸುಣ್ಣದ ಡಬ್ಬ ಹಿಡಿದುಕೊಂಡು ಹೊತ್ತು ಇಳಿಯುವವರೆಗೂ ಅಂಗಳದಲ್ಲೇ ನಿಂತಿದ್ದರು. ಮಾರನೆಯ ದಿನ ದಾರಿಯ ಸರಿಯಾಗಿ ನಡುವೆ ಒಂದು ದುಂಡು ಗೆರೆ ಎಳೆದರು. ಅಲ್ಲಿ ದುಂಡನೆಯ ನೀರಿನ ತೊಟ್ಟಿ. ದಾರಿ ಅಲ್ಲಿಗೆ ಬಂದು ಎರಡಾಗಿ ತೊಟ್ಟಿಯನ್ನು ಬಳಸಿ ಮತ್ತೆ ಒಂದಾಗುವುದು. ಪೀಡೆ ಬಂದರೆ ನೀರಿಗೆ ಬೀಳುತ್ತದೆ ಎಂದು ದೊಡ್ಡವ್ವನೂ ಒಪ್ಪಿತು.

ಆ ತೊಟ್ಟಿಯಿಂದಲೇ ಮುಂದಿನದೆಲ್ಲ ಆಯಿತು.

ಮನೆಯ ಸಿಹಿನೀರ ಬಾವಿ ಅಂಗಳದ ಎಡ ಮೂಲೆಯಲ್ಲಿತ್ತು. ಎಡಕ್ಕೆ ಬಾವಿಕಟ್ಟೆ ಇದ್ದ ಮೇಲೆ ಬಲಕ್ಕೂ ಬೇಡವೇ? ಕಟ್ಟಿಸಿದರು. ಬಾವಿ ಇಲ್ಲ, ಬರೀ ಕಟ್ಟೆ. ಕಲ್ಲುಕುಟಿಗ ತಲೆ ಕೆರೆದುಕೊಂಡು, “ಬಾವಿ ಇಲ್ದೆ ಬಾವಿಕಟ್ಟೆನಾ ಅವ್ವಾ? ಬಿದ್ದು ಸಾಯಾಕ್ ಬಂದೋರ್ಗೂ ಮೋಸ” ಅಂದ. ಬಾವಿಯಿಂದ ತೊಟ್ಟಿಗೆ ನೀರು ಬರಲು ಕಲ್ಲಿನಲ್ಲಿ ಉದ್ದಕ್ಕೆ ಕೊರೆದ ದೋಣಿ, ಮೊಣಕಾಲೆತ್ತರದ ಕಲ್ಲುಗಳ ಮೇಲೆ ಕೂರಿಸಿದ್ದು. ಬಾವಿಕಟ್ಟೆಯ ಮೇಲೆ ನೀರು ಸೇದಿ ಸುರಿದರೆ ದೋಣಿಯಲ್ಲಿ ಹರಿದು ನಡುವಿನ ತೊಟ್ಟಿ ತುಂಬುವುದು. ಬಲಗಡೆಯ ಬರೀ ಕಟ್ಟೆಯಿಂದಲೂ ತೊಟ್ಟಿಗೆ ಅಂಥದೇ ಇನ್ನೊಂದು ದೋಣಿ. ಅದರಲ್ಲಿ ಹರಿಯುವುದಕ್ಕೆ ಏನೂ ಇರಲಿಲ್ಲ. ಓತಿಕ್ಯಾತಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

ಬಾಗೂರಿನಿಂದ ಮದರಂಗಿ ಕಡ್ಡಿ ತರಿಸಿ ಸುತ್ತ ಬೇಲಿಗೆ ಊರಿಸಿದರು. ಹಾಸನದಿಂದ ಬಸ್ಸಿನ ಮೇಲೆ ಕ್ರೋಟನ್ ಗಿಡಗಳು ಬಂದವು. ಚನ್ನರಾಯಪಟ್ಟಣದ ಸಂತೆಯಿಂದ ಗುಲಾಬಿ, ಕಾಬಾಳೆ ಗೆಡ್ಡೆ, ಸೇವಂತಿಗೆ ಸಸಿ. ಪಾತಿಗಳ ಅಂಚಿಗೆ ಇಟ್ಟಿಗೆಯನ್ನು ಮೂಲೆ ಮೇಲೆ ಮಾಡಿ ಹಲ್ಲಿನ ಸಾಲಿನಂತೆ ಹೂಳಿದೆವು. ಎಡಕ್ಕೊಂದು ಗಿಡ ನೆಟ್ಟು ಬಲಕ್ಕೆ ಇನ್ನೊಂದು ಅಷ್ಟೇ ಎತ್ತರದ್ದು ಸಿಗುವವರೆಗೂ ಆ ಗಿಡಕ್ಕೆ ನೀರು ಹಾಕಲು ಬಿಡುತ್ತಿರಲಿಲ್ಲ, ಬೆಳೆದುಬಿಟ್ಟೀತು ಎಂದು.

ತೊಟ್ಟಿ ತುಂಬಿದ ಮೊದಲ ದಿನ ಗೌಡ್ತಮ್ಮ ನನ್ನನ್ನು ಕರೆದು, “ಕೊಡ ಅದ್ದಿ ಪಾತಿಗೆ ಹುಯ್ಯಿ” ಅಂದರು. ಮನೆಯ ಆಳು ರಾಟೆಯಲ್ಲಿ ಸೇದಿ ಸೇದಿ ಸುರಿಯುತ್ತಿದ್ದ. ನೀರು ದೋಣಿಯಲ್ಲಿ ಬಳಬಳ ಬರುತ್ತಿತ್ತು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೌಡ್ತಮ್ಮನ ಮುಖ ನೋಡಿದಳು. “ಬಾವಿ ಅಲ್ವಲ್ಲೇ ಅದು, ತೊಟ್ಟಿ. ಅದ್ದು” ಅಂದರು. ಅದ್ದಿದೆ. ಆ ಮನೆಯಲ್ಲಿ ನನ್ನ ಕೈ ತುಂಬಿದ ನೀರಿನೊಳಕ್ಕೆ ಹೋದದ್ದು ಅದೇ ಮೊದಲು. ತಣ್ಣಗಿತ್ತು...

ಜಗಲಿಯಿಂದ ದೊಡ್ಡವ್ವ ಕೂಗಿಕೊಂಡಿತು. ಕಿವಿ ಮಂದ, ಕಣ್ಣು ಹದ್ದಿನದು. ತೊಟ್ಟಿಯ ನೀರು ದೋಣಿಯ ನೀರಿಗೆ ಸೇರಿಕೊಂಡಿದೆ, ದೋಣಿಯ ನೀರು ಬಾವಿಕಟ್ಟೆಗೆ ಸೇರಿಕೊಂಡಿದೆ, ಕಟ್ಟೆಯ ಮೇಲೆ ಕೊಡ ಇದೆ, ಕೊಡ ಬಾವಿಯೊಳಕ್ಕೆ ಇಳಿಯುತ್ತದೆ. ಎಲ್ಲ ಒಂದೇ ನೀರು. ಬಾವಿ ಮೈಲಿಗೆಯಾಯಿತು!

ಗೌಡ್ತಮ್ಮ, “ನೀರು ಮೇಲಕ್ ಹರೀತದಾ ಅತ್ತೆ?” ಅಂದರು.

“ನೀರು ಹರೀದಿದ್ರೂ ಮೈಲಿಗೆ ಹರೀತದೆ ಕಣಮ್ಮಿ! ಹಾಸನ್ದಲ್ಲಿ ಇದ್ನೂ ಕಲುಸ್ನಿಲ್ವಾ ನಿಂಗೆ?”

ಮನೆಯೊಳಗಿದ್ದ ಹಂಡೆ, ಕೊಡ ಎಲ್ಲ ಅಂಗಳಕ್ಕೆ ಬಂದು ಬರಿದಾದವು. ಅವತ್ತು ಒಲೆ ಹಚ್ಚಲಿಲ್ಲ. ಸಂಜೆಗೆ ಊರ ಹಿರಿಯರು ಜಗಲಿಯಲ್ಲಿ ಕೂತರು. ನಾವು ಗೇಟಿನ ಹೊರಗೆ ನಿಂತಿದ್ದೆವು. ಹರಿವ ನೀರಿಗೆ ದೋಷವಿಲ್ಲ ಎಂದು ಒಬ್ಬರು, ಧಾರೆ ಕಡಿಯದಿದ್ದರೆ ಮುಟ್ಟಿದ್ದು ಮುಟ್ಟಿದ್ದೇ ಎಂದು ಇನ್ನೊಬ್ಬರು. ಹೊತ್ತು ಮುಳುಗಿದರೂ ಮಾತು ಮುಗಿಯಲಿಲ್ಲ. ಮುಟ್ಟಿದವಳು ಅಲ್ಲೇ ನಿಂತಿದ್ದಳು, ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಕಾಲು ನೋಯುತ್ತಿದೆ ಅನ್ನುತ್ತಿದ್ದೆ.

ಕೊನೆಗೆ ಗೌಡರು ಹೇಳಿದ್ದು ಇಷ್ಟು. ಬಾವಿಗೆ ಶುದ್ಧಿ ಮಾಡಿಸುವುದು. ಇನ್ನು ಮೇಲೆ ದೋಣಿಯ ಕೊನೆ ತೊಟ್ಟಿಗೆ ತಾಗಬಾರದು, ಅಷ್ಟು ಕಲ್ಲು ಒಡೆದು ತೆಗೆಯಬೇಕು, ನೀರು ಗಾಳಿಯಲ್ಲಿ ಹಾರಿ ಬೀಳಬೇಕು. ಸೇದುವುದು ನಿಂತು ಧಾರೆ ಕಡಿದ ಮೇಲೆ ನಮ್ಮವರು ತೊಟ್ಟಿ ಮುಟ್ಟಬಹುದು. ಅದು ಆಗದಿದ್ದರೆ ನೀರು ಹಾಕಲು ಬೇರೆ ಜನ ನೋಡಿಕೊಳ್ಳಬೇಕು. ಎರಡರಲ್ಲಿ ಒಂದು.

ಗೌಡ್ತಮ್ಮ ಬಾಗಿಲ ಮರೆಯಿಂದಲೇ ಹೇಳಿದರು. “ನನ್ ದೋಣಿ ಒಡೀಬ್ಯಾಡಿ. ಬ್ಯಾರೆ ಜನ ಹುಯ್ತಾರೆ ನೀರ.”

ಹೀಗೆ ನಮ್ಮನ್ನು ಬಿಟ್ಟರು. ನೀರು ಹಾಕುವುದು ಮಾತ್ರ ಹೋಗಿದ್ದರೆ ಚಿಂತೆಯಿರಲಿಲ್ಲ. ಮೈಲಿಗೆ ಮಾಡಿದವರು ಕಣ್ಣಿಗೆ ಬೀಳಬಾರದು ಎಂದು ದೊಡ್ಡವ್ವ ಕೊಟ್ಟಿಗೆ ಕೆಲಸವನ್ನೂ ಬಿಡಿಸಿತು. ಸಂಜೆಯ ಹಿಟ್ಟು ಹೋಯಿತು. ಬೇಸಿಗೆ ಮುಂದೆ ನಿಂತಿತ್ತು. ಹೊಲದಲ್ಲಿ ಕಡ್ಡಿಯಷ್ಟೂ ಕೆಲಸವಿಲ್ಲ. ನನ್ನ ಗಂಡ ಕೂಲಿ ಹುಡುಕಿಕೊಂಡು ಹೊಳೆನರಸೀಪುರದ ಕಡೆ ಹೋದ. ಅತ್ತೆ, ನಾನು ಕಾರೆಸೊಪ್ಪು, ಅಣ್ಣೆಸೊಪ್ಪು ಬೇಯಿಸಿಕೊಂಡು ಉಂಡೆವು. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಬೇರೆ ಜನ ಸಿಗಲಿಲ್ಲ. ಗೌಡರ ಹೊಲದ ಆಳುಗಳು, ಹೂವಿನ ಗಿಡಕ್ಕೆ ಕೊಡ ಹೊರುವುದು ಹೆಂಗಸರ ಕೆಲಸ ಅಂದರು. ಅವರ ಹೆಂಗಸರು, ತಿನ್ನಲಾಗದ ಗಿಡಕ್ಕೆ ಯಾಕೆ ನೀರು ಹೊರಬೇಕು ಅಂದರು. ಆಗ ಗೌಡ್ತಮ್ಮ ತಾನೇ ಸೆರಗು ಸಿಕ್ಕಿಸಿ ಕೊಡ ಎತ್ತಿದರು. ಬೀದಿಯ ಜನ ಬೇಲಿಯ ಹತ್ತಿರ ನಿಂತು ನೋಡಿದರು. ಗೌಡನ ಹೆಂಡತಿ ನೀರು ಹೊರುತ್ತಾಳೆ ಎಂದು ಸಂತೆಯಲ್ಲಿ ಮಾತಾಯಿತು. ಗೌಡರು ಕೊಡ ಕಿತ್ತುಕೊಂಡು ಬಾವಿಗೆ ಎಸೆದರಂತೆ. ಆಮೇಲೆ ಗೌಡ್ತಮ್ಮ ಉಪ್ಪರಿಗೆಯ ಕಿಟಕಿ ಬಿಟ್ಟು ಕೆಳಗೆ ಬರಲಿಲ್ಲವಂತೆ. ಕಿಟಕಿಯಿಂದ ನೋಡಿದರೆ ಕಾಣುತ್ತಿದ್ದುದು ಬಾಡುತ್ತಿದ್ದ ಗಿಡಗಳು. ಎಡಕ್ಕೂ ಬಲಕ್ಕೂ ಒಂದೇ ಸಮನೆ ಬಾಡುತ್ತಿದ್ದವು.

ಒಂದು ಬೆಳಗ್ಗೆ ನಮ್ಮ ಕೇರಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಹೊರಗೆ ಬಂದು ನೋಡಿದರೆ ಕೇರಿಯ ತುದಿಯ ಹುಣಸೆಮರದ ಕೆಳಗೆ ಗೌಡ್ತಮ್ಮ. ಒಬ್ಬರೇ. ಅವರ ಮನೆಯ ಹೆಂಗಸರು ಅಲ್ಲಿಯವರೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮರ ದಾಟಿ ಈಚೆಗೆ ಬರಲಿಲ್ಲ. ಅಲ್ಲಿಂದಲೇ ನಮ್ಮತ್ತೆಯನ್ನು ಕೂಗಿದರು.

“ಲೇ, ಬಾರೇ! ಗಿಡ ಸಾಯ್ತಾ ಅವೆ.”

ಅತ್ತೆ ಗುಡಿಸಲ ಬಾಗಿಲಲ್ಲೇ ನಿಂತಳು. ಅವಳು ದೊಡ್ಡವರಿಗೆ ಎದುರು ಮಾತಾಡಿದ್ದನ್ನು ಅವತ್ತಿನವರೆಗೆ ನಾನು ಕೇಳಿರಲಿಲ್ಲ.

“ಗಿಡ ಸಾಯ್ತವೆ ಅಂತ ಬಂದ್ರಾ ಅವ್ವಾ? ನಾವ್ ಸಾಯ್ತೀವಿ ಅಂತ ಯಾರೂ ಬರ್ನಿಲ್ಲ.”

ಗೌಡ್ತಮ್ಮ ತಪ್ಪಾಯಿತು ಅನ್ನಲಿಲ್ಲ. ಬೈಯಲೂ ಇಲ್ಲ. ತಿರುಗಿ ಹೋದರು. ಸಂಜೆಗೆ ಮನೆಯ ಆಳು ಬಂದು, ನಾಳೆಯಿಂದ ಬರಬೇಕಂತೆ, ಕೊಟ್ಟಿಗೆಗೂ ಬರಬೇಕಂತೆ ಎಂದು ಹೇಳಿ ಹೋದ. ಹಸಿದಿದ್ದೆವು, ಹೋದೆವು. ಮಾನ ನೋಡಿಕೊಂಡು ಮನೆಯಲ್ಲಿ ಕೂತೆವು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆದರೆ ಹೋದೆವು.

ನಾವು ಹೋಗುವ ಹೊತ್ತಿಗೆ ಕಲ್ಲುಕುಟಿಗ ಎಡಗಡೆಯ ದೋಣಿಯ ಕೊನೆಗೆ ಉಳಿ ಇಟ್ಟಿದ್ದ. ದೊಡ್ಡವ್ವ ಜಗಲಿಯಲ್ಲಿ ಕೂತು ಎಷ್ಟು ಒಡೆಯಬೇಕೆಂದು ಕೈಯಲ್ಲಿ ತೋರಿಸುತ್ತಿತ್ತು. “ಇನ್ನೊಂದ್ ಗೇಣು. ಉಂ, ಇನ್ನೊಂದ್ ಚೂರು.” ಗೌಡ್ತಮ್ಮ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದರು. ಪ್ರತಿ ಏಟಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಕಲ್ಲು ತುಂಡಾಗಿ ಬಿತ್ತು. ದೋಣಿಗೂ ತೊಟ್ಟಿಗೂ ನಡುವೆ ಒಂದು ಮೊಳ ಜಾಗವಾಯಿತು. ನಮಗಾಗಿ ಮಾಡಿದ ಜಾಗ. ಕಲ್ಲುಕುಟಿಗ ಉಳಿ ಸುತ್ತಿಗೆ ಒರೆಸಿ ಚೀಲಕ್ಕೆ ಹಾಕಿಕೊಳ್ಳಲು ಹೋದ.

“ನಿಂತ್ಕೊ” ಅಂದರು ಗೌಡ್ತಮ್ಮ. “ಅದ್ನೂ ಒಡಿ.”

ಅವರು ಕೈ ತೋರಿಸಿದ್ದು ಬಲಗಡೆಯ ದೋಣಿಗೆ. ಒಂದು ದಿನವೂ ನೀರು ಕಾಣದ ದೋಣಿಗೆ.

“ಅದ್ಯಾಕವ್ವಾ? ಅದ್ರಲ್ಲಿ ನೀರೇ ಬರಾಕಿಲ್ವಲ್ಲ. ಅದ್ಯಾರ್ ಮುಟ್ತಾರೆ?”

“ಒಡಿ ಅಂದ್ರೆ ಒಡಿ.”

ಜಗಲಿಯಿಂದ ದೊಡ್ಡವ್ವ, “ಇವ್ಳಿಗೆ ಉಚ್ಚು ಹಿಡದದೆ ಕಣಪ್ಪ” ಅಂದಿತು. ಕಲ್ಲುಕುಟಿಗ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ ಹಿಂದೆ ಸರಿದ. ಗೌಡ್ತಮ್ಮ ಅವನ ಚೀಲದಿಂದ ಸುತ್ತಿಗೆ ತೆಗೆದುಕೊಂಡರು. ಬಳೆ ತುಂಬಿದ ಕೈ. ಮೊದಲ ಏಟು ಜಾರಿತು, ಎರಡು ಬಳೆ ಒಡೆದವು, ಮುಂಗೈಯಲ್ಲಿ ರಕ್ತ ಬಂತು. ನಿಲ್ಲಿಸಲಿಲ್ಲ. ಹೊಡೆದರು, ಹೊಡೆದರು... ಕಲ್ಲುಕುಟಿಗನಿಗೇ ನೋಡಲಾಗದೆ ಸುತ್ತಿಗೆ ಇಸಿದುಕೊಂಡು ಮುಗಿಸಿಕೊಟ್ಟ. ಆಮೇಲೆ ಅವರು ಉಪ್ಪರಿಗೆಗೆ ಹೋದರು. ಕಿಟಕಿಯಲ್ಲಿ ಮುಖ ಕಂಡಿತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆ ಒಂದೇ ಸಮ ಮೊಂಡು.

ಅದು ಬರೀ ಅಳತೆಗಾಗಿ ಮಾಡಿದ್ದೋ, ಬೇರೆ ಏನಾದರೂ ಇತ್ತೋ ನನಗೆ ಗೊತ್ತಿಲ್ಲ. ಕೇರಿಯಲ್ಲಿ ಕೆಲವರು, ನಮ್ಮ ಸಲುವಾಗಿ ಸಿಟ್ಟು ತೀರಿಸಿಕೊಂಡರು ಅಂದರು. ನಮ್ಮತ್ತೆ ಮಾತ್ರ, “ನಮ್ ಸಲ್ವಾಗಿ ಯಾಕೇ ಬಳೆ ಒಡ್ಕತಾರೆ? ತ್ವಾಟದ್ ಸಲ್ವಾಗಿ ಒಡ್ಕಂಡ್ರು” ಅಂದಳು.

ಆ ಬೇಸಿಗೆ ನಮ್ಮ ಕೇರಿಯ ಬಾವಿ ಬತ್ತಿತು. ದೂರದ ಹಳ್ಳದಲ್ಲಿ ಒರತೆ ತೋಡಿ ಚಿಪ್ಪಿನಲ್ಲಿ ನೀರು ತುಂಬಿಕೊಳ್ಳಬೇಕಾಯಿತು. ಒಂದು ದಿನ ಗಿಡಕ್ಕೆ ನೀರು ಹಾಕಿ ಮುಗಿಸಿ ನಾನು ಕೊನೆಯ ಕೊಡವನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ಕಡೆ ಹೊರಟೆ. ಯಾರನ್ನೂ ಕೇಳಲಿಲ್ಲ. ದೊಡ್ಡವ್ವ ನೋಡಿತು. ಮುಖ ತಿರುಗಿಸಿ, “ಒತ್ಕಂಡ್ ಓಗ್ಲಿ, ಅದು ಮೈಲಿಗೆ ತೊಟ್ಟಿ, ನಮ್ಗ್ಯಾಕ್ ಬೇಕು” ಅಂದಿತು. ಗೌಡ್ತಮ್ಮ ಕಿಟಕಿಯಿಂದ ನೋಡಿದರು. ತಡೆಯಲಿಲ್ಲ.

ಮರುದಿನ ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ಗೇಟಿನ ಹೊರಗೆ ಬಂದು ನಿಂತರು. ಆಗ ಗೌಡ್ತಮ್ಮ ಕೆಳಗಿಳಿದು ಬಂದು ಕಟ್ಟಳೆ ಮಾಡಿದರು. ಮೊದಲ ಕೊಡ ಗಿಡಕ್ಕೆ, ಆಮೇಲಿನ ಕೊಡ ಮನೆಗೆ. ಬರುವುದು ತೊಟ್ಟಿಯ ಎಡಗಡೆ ದಾರಿಯಲ್ಲಿ, ಹೋಗುವುದು ಬಲಗಡೆ ದಾರಿಯಲ್ಲಿ. ಇಟ್ಟಿಗೆ ಅಂಚು ತುಳಿದವರಿಗೆ ನೀರಿಲ್ಲ. “ಲೇ, ಪಾತಿ ಮ್ಯಾಲ್ ಕಾಲಿಟ್ರೆ ಕಾಲ್ ಮುರುದ್ಬುಡ್ತೀನಿ!” ಎಂದು ಬೇಲಿಯ ಆಚೆಯಿಂದ ಬೈಯುತ್ತಲೇ ಇರುತ್ತಿದ್ದರು. ನೀರು ಸೇದುವ ಆಳು ತೋಳು ಬಿದ್ದುಹೋಯಿತು ಎಂದು ಗೊಣಗುತ್ತಿದ್ದ. ಮಳೆ ಬರುವವರೆಗೆ ನಮ್ಮ ಕೇರಿ ಆ ತೊಟ್ಟಿಯ ನೀರು ಕುಡಿಯಿತು. ತೋಟವೂ ಕುಡಿಯಿತು. ಅಂಥ ಬೇಸಿಗೆಯಲ್ಲಿ ಸುತ್ತ ಎಲ್ಲೂ ಹಸಿರು ಕಡ್ಡಿ ಇರಲಿಲ್ಲ, ಗೌಡರ ಮನೆಯ ಮುಂದೆ ಮಾತ್ರ ಕಾಬಾಳೆ ಹೂವು ಕೆಂಪಗೆ ಬಿಟ್ಟಿತ್ತು.

ಆಮೇಲಾಮೇಲೆ ಆ ತೋಟ ನೋಡಲು ದೂರದಿಂದ ಜನ ಬರತೊಡಗಿದರು. ನುಗ್ಗೇಹಳ್ಳಿ ಗುಡಿಗೆ ಬಂದ ದೊಡ್ಡ ಅಧಿಕಾರಿಗಳು ಇಲ್ಲಿಗೂ ಬಂದು ನೋಡಿ ಹೋಗುತ್ತಿದ್ದರು. ದೋಣಿಯ ತುದಿಯಿಂದ ನೀರು ಗಾಳಿಯಲ್ಲಿ ಹಾರಿ ತೊಟ್ಟಿಗೆ ಬೀಳುವುದನ್ನು ಕಂಡು ಎಷ್ಟು ಚೆಂದ ಮಾಡಿಸಿದ್ದೀರಿ ಅನ್ನುವರು. ಒಬ್ಬರ ಹೆಂಡತಿ ತನ್ನ ಮನೆಗೂ ಹೀಗೆಯೇ ಬೇಕು ಎಂದು ಅಳತೆ ತೆಗೆದುಕೊಂಡು ಹೋದಳು. ಆ ಜಾಗ ಯಾಕಿದೆ ಎಂದು ಯಾರೂ ಕೇಳಲಿಲ್ಲ, ಗೌಡ್ತಮ್ಮನೂ ಹೇಳಲಿಲ್ಲ. ಹೊಗಳಿದಾಗ ಅವರ ಮುಖ ಮಾತ್ರ ಸುಣ್ಣದ ಗೋಡೆಯ ಹಾಗೆ ಇರುತ್ತಿತ್ತು. ನಾನು ಪೊರಕೆ ಹಿಡಿದು ಅಲ್ಲೇ ಇರುತ್ತಿದ್ದೆ. ನನ್ನ ಕಡೆ ಅವರು ನೋಡುತ್ತಿರಲಿಲ್ಲ.

ಕೆಲವು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ದೊಡ್ಡವ್ವ ಹೋಯಿತು, ನಮ್ಮತ್ತೆಯೂ ಹೋದಳು. ಗೌಡ್ತಮ್ಮನಿಗೆ ಎದೆಯ ಕಾಯಿಲೆ ಬಂತು. ಹಾಸನದ ಆಸ್ಪತ್ರೆಯಿಂದ ವಾಪಸು ಕರೆದುಕೊಂಡು ಬಂದಾಗ ಮುಖ ಗುರುತು ಸಿಗದ ಹಾಗಿತ್ತು. ಹಾಸಿಗೆ ಉಪ್ಪರಿಗೆಯ ಕಿಟಕಿಯ ಹತ್ತಿರ ಹಾಕಿಸಿಕೊಂಡರಂತೆ, ಆದರೆ ಎದ್ದು ಕೂತು ಕೆಳಗೆ ನೋಡುವ ಶಕ್ತಿ ಇರಲಿಲ್ಲ. ನನಗೆ ಮೇಲೆ ಹೋಗುವ ಹಾಗಿರಲಿಲ್ಲ. ದಿನಾ ಕಿಟಕಿಯ ಕೆಳಗೆ ನಿಂತು ಹೂವು ಬಿಟ್ಟದ್ದು, ಚಿಗುರಿದ್ದು ಕೂಗಿ ಹೇಳುವುದು ನನ್ನ ಕೆಲಸವಾಯಿತು. ಅವರು ಹೇಳಿದ್ದಲ್ಲ, ಹೇಗೋ ಆಯಿತು.

ಆ ಹೊತ್ತಿಗೆ ಮೆಟ್ಟಿಲ ಎರಡೂ ಬದಿಗೆ ಅವರು ನೆಡಿಸಿದ್ದ ಸಂಪಿಗೆ ಮರಗಳು ಜಗಲಿಯ ಸೂರಿನ ಎತ್ತರ ಬೆಳೆದಿದ್ದವು. ಒಂದು ದಿನ ಮೇಲಿನಿಂದ ಕೇಳಿದರು.

“ಸಂಪ್ಗೆ ಹೆಂಗೈತೇ?”

“ಎಡಗಡೇದು ಒಣಗೋಗದೆ ಅವ್ವಾ. ಬುಡಕ್ಕೆ ಗೆದ್ಲು ಬಿದ್ದದೆ.”

ಮೇಲಿನಿಂದ ಕೆಮ್ಮು ಕೇಳಿಸಿತು.

“ಬಲಗಡೇದು?”

“ಸಂದಾಗದೆ. ಮೊಗ್ಗು ಬಂದದೆ.”

“ಅಂಗಾರೆ ಅದ್ನೂ ಕಡುಸ್ಬುಡು.”

ನನಗೆ ಅವತ್ತು ಎಲ್ಲಿಂದ ಬಂತೋ ಆ ಮಾತು. “ಮೊಗ್ಗು ಬಂದಿರೋ ಮರಾನಾ? ನಾನ್ ಕಡುಸಕ್ಕಿಲ್ಲ ಓಗಿ” ಅಂದುಬಿಟ್ಟೆ. ಮನೆಯೊಳಗಿಂದ ಯಾರಾದರೂ ಬಂದು ಹೊಡೆಯುತ್ತಾರೆ ಎಂದು ನಿಂತಿದ್ದೆ. ಯಾರೂ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಿಟಕಿಯಿಂದ ದನಿ ಬಂತು. ಬೈಯುವ ದನಿ ಆಗಿರಲಿಲ್ಲ.

“ಇರ್ಲಿ ಬುಡು.”

ಎಡ ಬಲ ಸಮವಿಲ್ಲದ್ದನ್ನು ಅವರು ಇರಲಿ ಎಂದು ಬಿಟ್ಟದ್ದು ಅದೊಂದನ್ನೇ. ಆ ಮರ ಹೂವು ಬಿಡುವುದರೊಳಗೆ ಅವರು ಹೋದರು.

ಹೆಣವನ್ನು ನಡುದಾರಿಯಲ್ಲಿ ತಂದು ತೊಟ್ಟಿಯನ್ನು ಬಳಸಿಕೊಂಡು ಹೊತ್ತುಕೊಂಡು ಹೋದರು. ನಾವು ಗೇಟಿನ ಹೊರಗೆ ನಿಂತು ನೋಡಿದೆವು. ನಾನು ಅಳಲಿಲ್ಲ. ಅಳುವುದಕ್ಕೆ ಅವರ ಮನೆಯವರಿದ್ದರು, ಅವರೂ ಹೆಚ್ಚು ಅಳಲಿಲ್ಲ. ವರ್ಷ ತಿರುಗುವುದರೊಳಗೆ ಮೊದಲ ಹೆಂಡತಿಯ ಮಕ್ಕಳು ಅಂಗಳಕ್ಕೆ ಮತ್ತೆ ಬಣವೆ ತಂದರು. ಆಮೇಲೆ ಮನೆ ಪಾಲಾಯಿತು, ದೋಣಿ ಕಲ್ಲು, ತೊಟ್ಟಿ ಕಲ್ಲು ಯಾರ ಯಾರದೋ ತಳಪಾಯಕ್ಕೆ ಹೋದವು. ಈಗ ಅಲ್ಲಿ ಹಿಟ್ಟಿನ ಗಿರಣಿ ಇದೆ. ರಾಗಿ ಬೀಸಿಸಲು ಮೊಮ್ಮಕ್ಕಳು ಹೋಗುತ್ತಾರೆ, ನೆಟ್ಟಗೆ ಒಳಗೇ ಹೋಗುತ್ತಾರೆ.

ನಮ್ಮ ಮನೆಯಲ್ಲಿ ನಲ್ಲಿ ಇದೆ. ತಿರುಗಿಸಿದರೆ ನೀರು ಬರುತ್ತದೆ. ಗೌಡ್ತಮ್ಮ ಒಳ್ಳೆಯವರಿದ್ದರಾ ಅಜ್ಜಿ ಎಂದು ಮದುವೆಗೆ ಬಂದ ಹುಡುಗಿಯೊಬ್ಬಳು ಕೇಳಿದಳು. ಗೊತ್ತಿಲ್ಲ ಅಂದೆ. ಗಿಡದ ಸಲುವಾಗಿ ನಮ್ಮನ್ನು ಬಿಟ್ಟರು, ಗಿಡದ ಸಲುವಾಗಿ ವಾಪಸು ಕರೆದರು. ನೀರು ಕೊಟ್ಟರು, ಬೈದುಕೊಂಡೇ ಕೊಟ್ಟರು. ಬಲಗಡೆಯ ದೋಣಿ ಯಾಕೆ ಒಡೆದಿರಿ ಎಂದು ಒಂದು ಸಲ ಕೇಳಬೇಕಿತ್ತು. ಇದ್ದಾಗ ಕೇಳುವಷ್ಟು ಹತ್ತಿರಕ್ಕೆ ನಾನು ಹೋಗುವ ಹಾಗಿರಲಿಲ್ಲ, ಅವರೂ ಬರುವ ಹಾಗಿರಲಿಲ್ಲ. ಈಗ ಆ ಕಿಟಕಿಯೇ ಇಲ್ಲ.